ಏಳನೆಯ ದಕ್ಕೆಗೆ ಮುನ್ನ

ಕಡಲೇರಿಕೆಯ ನೂರ ಮೂವತ್ತೊಂಬತ್ತನೆಯ ವರ್ಷ,
ಹದಿಮೂರನೆಯ ತಿಂಗಳಾದ ನಡುಮಾಸ, ಇಪ್ಪತ್ತೆರಡನೆಯ ಇಳಿತ.
ಮಲ್ಪೆ ಮತ್ತು ಉಳ್ಳಾಲಗಳ ನಡುವೆ, ಹೆದ್ದಾರಿಯ ಮೇಲೆ.

ಕೆಳಗಿನವರಾದ ನಿಮಗೆ,

ಮೇಲೆ ಬರೆದ ದಿನಾಂಕವನ್ನು ನಿಮ್ಮ ಪಂಚಾಂಗದಲ್ಲಿ ಹುಡುಕಬೇಡಿ, ದೊರೆಯುವುದಿಲ್ಲ. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಪಠ್ಯಗಳಿಂದ ಕಲಿತವಳು. ಓದಿ ಕಲಿತ ನುಡಿಗೂ ಬಾಳಿ ಕಲಿತ ನುಡಿಗೂ ಅಂತರವಿರುತ್ತದೆ. ಆದುದರಿಂದ ನನ್ನ ಕೆಲವು ಪದಗಳು ನಿಮಗೆ ವಿಚಿತ್ರವಾಗಿ ತೋರಿದರೆ ಮನ್ನಿಸಬೇಕು. 'ಕೆಳಗಿನವರು' ಎಂಬ ಸಂಬೋಧನೆಯಲ್ಲಿ ಅಗೌರವವಿಲ್ಲ. ನಿಮ್ಮ ಬಾವಿ, ಶಾಲೆ, ಸಂತೆಮಾಳ, ಬಸ್ ನಿಲ್ದಾಣಗಳೆಲ್ಲ ಈಗ ನಮ್ಮ ದೋಣಿಗಳ ಅಡಿಯಲ್ಲಿವೆ. ನಾವು ಅವುಗಳ ಮೇಲೆ ತೇಲಿಕೊಂಡು ಹೋಗುತ್ತೇವೆ. ಆದ್ದರಿಂದ ನೀವು ಕೆಳಗಿನವರು. ನಮ್ಮ ಮಕ್ಕಳು ಈ ಮಾತನ್ನು ಹಿರಿಯರನ್ನು ಕುರಿತು ಹೇಳುವ ಭಯಭಕ್ತಿಯಿಂದಲೇ ಹೇಳುತ್ತಾರೆ.

ನಮ್ಮಲ್ಲಿ ಕೆಳಗಿನವರಿಗೆ ಕಾಗದ ಬರೆಯುವ ಪದ್ಧತಿಯಿದೆ. ಬರೆದ ಹಾಳೆಯನ್ನು ಮೇಣದ ಬಟ್ಟೆಯಲ್ಲಿ ಸುತ್ತಿ, ಚಿರೆಕಲ್ಲಿನ ಚೂರೊಂದಕ್ಕೆ ಕಟ್ಟಿ, ನಿಮ್ಮ ಯಾವುದಾದರೂ ಊರಿನ ಮೇಲೆ ಹಾದುಹೋಗುವಾಗ ನೀರಿಗೆ ಇಳಿಸುತ್ತಾರೆ. ಕಾಗದ ಮುಳುಗುತ್ತಾ ಕಾಲದಲ್ಲಿಯೂ ಹಿಂದಕ್ಕೆ ಮುಳುಗುತ್ತದೆ ಎಂದು ಕೆಲವರು ನಂಬುತ್ತಾರೆ. ನಾನು ಮೂವತ್ತೆಂಟು ವರ್ಷ ಮಕ್ಕಳ ಇಂಥ ಕಾಗದಗಳನ್ನು ಪ್ರಬಂಧವೆಂದು ತಿದ್ದಿದವಳು. ನಾನಾಗಿ ಒಂದನ್ನೂ ಬರೆದವಳಲ್ಲ. ಇದು ಮೊದಲನೆಯದು. ಇದರಲ್ಲಿ ಒಂದು ಬಿನ್ನಹವಿದೆ. ಇಂದು ಮಧ್ಯಾಹ್ನ ನಮ್ಮ ದೋಣಿ ಉಳ್ಳಾಲದ ದಕ್ಕೆಯನ್ನು, ಅಂದರೆ ದೋಣಿಗಟ್ಟೆಯನ್ನು, ಮುಟ್ಟುತ್ತದೆ. ಅದು ಏಳನೆಯದು, ಕೊನೆಯದು. ಅಲ್ಲಿಯೂ ಯಾರೊಬ್ಬರೂ ನನ್ನ ಕೈ ಹಿಡಿಯದಿದ್ದರೆ ನಾನು ಇನ್ನೆಂದಿಗೂ ನೆಲದ ಮೇಲೆ ಮಲಗಲಾರೆ. ಈ ಮಾತಿನ ಅರ್ಥವನ್ನು ವಿವರಿಸಲು ನಮ್ಮ ಹೆದ್ದಾರಿಯಿಂದ ಆರಂಭಿಸಬೇಕು.

ನಿಮ್ಮ ಹೆದ್ದಾರಿ ಈಗಲೂ ಹೆದ್ದಾರಿಯೇ. ಅದರ ಮೇಲೆ ಮೂರು ಮಾರು ನೀರು ನಿಂತಿದೆ, ಅಷ್ಟೇ. ಕಡಲು ಏರಿದಾಗ ಗುಡ್ಡ ಸೇರಿದ ಜನ ಕಾರವಾರದಿಂದ ಉಳ್ಳಾಲದವರೆಗೆ ಪಡುವಣದಲ್ಲಿ ಒಂದು ಹೊರಗೋಡೆಯನ್ನು ಕಟ್ಟಿದರು. ಗೋಡೆಗೂ ಗುಡ್ಡಗಳಿಗೂ ನಡುವೆ ಉಳಿದ ಉದ್ದನೆಯ ನೀರಿನ ಪಟ್ಟಿಯಲ್ಲಿ, ಬಂಡೆಯಿಲ್ಲದ ಸಮತಟ್ಟಾದ ತಳವಿರುವುದು ನಿಮ್ಮ ರಸ್ತೆಯ ಮೇಲೆ ಮಾತ್ರ. ದೋಣಿಗಳು ಅದರ ಜಾಡನ್ನೇ ಹಿಡಿದು ಸಾಗುತ್ತವೆ. ಒಂದೊಂದು ದಕ್ಕೆಯನ್ನು ದಾಟಿದ ಮೇಲೆ ಒಂದೊಂದು ನೀರ್ಗದವಿದೆ, ಅಂದರೆ ನೀರಿಗೆ ಅಡ್ಡಲಾಗಿ ಕಟ್ಟಿದ ಕದ. ಅದು ತೆಂಕಣ ದಿಕ್ಕಿಗೆ ಮಾತ್ರ ತೆರೆಯುತ್ತದೆ. ದೋಣಿ ಒಳಗೆ ನುಸುಳಿದ ಕೂಡಲೇ ಹಿಂದಿನಿಂದ ಮುಚ್ಚಿಕೊಳ್ಳುತ್ತದೆ. ಮುಚ್ಚಿದ ಸದ್ದು ನೀರಿನೊಳಗಿನಿಂದ ಬಂದು ಮಲಗುವ ಹಲಗೆಯನ್ನು ತಟ್ಟುತ್ತದೆ. ದಾಟಿದ ಊರಿಗೆ ಮರಳುವ ದಾರಿಯಿಲ್ಲ. ದೋಣಿಗಳು ಬಡಗಣಕ್ಕೆ ಹಿಂದಿರುಗುವುದು ಗೋಡೆಯ ಆಚೆಗಿನ ಕಡಲಿನಲ್ಲಿ, ಮತ್ತು ಶಾಲೆಗೆ ಹೋಗುವ ಮಕ್ಕಳನ್ನು ಬಿಟ್ಟು ಬೇರೆ ಯಾರನ್ನೂ ಅವು ಹತ್ತಿಸಿಕೊಳ್ಳುವುದಿಲ್ಲ. ಗೋಡೆಯ ಒಳಗೆ ಪಯಣಿಸುವವರಿಗೆ ಕಡಲು ಹಗಲಿರುಳೂ ಕೇಳಿಸುತ್ತದೆ; ಒಮ್ಮೆಯೂ ಕಾಣಿಸುವುದಿಲ್ಲ.

ನನ್ನ ಹೆಸರು ರುಕ್ಮಾವತಿ. ಕಾರವಾರದ ಕೊಲ್ಲಿಯಲ್ಲಿ ಲಂಗರು ಹಾಕಿರುವ ತೇಲುಶಾಲೆಯಲ್ಲಿ ಪಾಠ ಹೇಳಿದೆ. ನಾಲ್ಕು ಹಳೆಯ ಸರಕುಹಡಗುಗಳನ್ನು ಸರಪಳಿಯಿಂದ ಬಿಗಿದು ಮಾಡಿದ ಶಾಲೆ ಅದು. ಏಳು ದಕ್ಕೆಗಳ ಮಕ್ಕಳು ಆರು ವರ್ಷ ಅಲ್ಲಿಯೇ ಉಳಿದು ಕಲಿಯುತ್ತಾರೆ. ಗಣಿತ, ಖಗೋಳ, ಉಬ್ಬರವಿಳಿತಗಳ ಲೆಕ್ಕ ಎಲ್ಲವನ್ನೂ ಕನ್ನಡದಲ್ಲಿ ಕಲಿತು ಕನ್ನಡದಲ್ಲಿಯೇ ಕಲಿಸಿದೆವು. ನಮ್ಮಲ್ಲಿ ಕಲಿತ ಮಗು ಗ್ರಹಣದ ಗಳಿಗೆಯನ್ನು ತಪ್ಪು ಹೇಳಿದ ನಿದರ್ಶನವಿಲ್ಲ. ನಾನು ಹುಟ್ಟಿದ್ದು ದೋಣಿಯಲ್ಲಿ, ದುಡಿದದ್ದು ಹಡಗಿನಲ್ಲಿ. ನಿವೃತ್ತರಾದವರು ಶಾಲೆಯ ಮಲಗುವ ಜಾಗವನ್ನು ಹೊಸಬರಿಗೆ ತೆರವು ಮಾಡಬೇಕು. ಬದಲಿಗೆ ನಮಗೆ ಒಂದು ಯಾನ ದೊರೆಯುತ್ತದೆ. ಇದಕ್ಕೆ 'ನೆಲಸೇರಿಕೆ' ಎಂದು ಹೆಸರು. ದೋಣಿ ಪ್ರತಿ ದಕ್ಕೆಯಲ್ಲಿ ಒಂದು ಇಳಿತದ ಹೊತ್ತು, ಎಂದರೆ ನಿಮ್ಮ ಲೆಕ್ಕದ ಆರು ಗಂಟೆಗಳಷ್ಟು, ನಿಲ್ಲುತ್ತದೆ. ನಾವು ಇಳಿದು ಊರನ್ನು ಸುತ್ತಬಹುದು. ಊರು ಮನಸ್ಸಿಗೆ ಬಂದರೆ ಅಲ್ಲಿ ಉಳಿಯಬಹುದು, ಆದರೆ ಕೈನೀಟಿನ ನಿಯಮಕ್ಕೆ ಒಳಪಟ್ಟು.

ಕೈನೀಟು ಎಂದರೆ ಇದು. ಉಳಿಯಬಯಸುವವರು ದೋಣಿ ಹೊರಡುವ ಮುನ್ನ ದಕ್ಕೆಯ ಕೊನೆಯ ಮೆಟ್ಟಿಲಿನಲ್ಲಿ ಊರಿಗೆ ಮುಖಮಾಡಿ ನಿಂತು, ಖಾಲಿ ಬಲಗೈಯನ್ನು ಅಂಗೈ ಮೇಲಾಗಿ ಚಾಚಬೇಕು. ಬಾಯಿಂದ ಏನನ್ನೂ ಕೇಳುವಂತಿಲ್ಲ. ದಕ್ಕೆಯವರು ಮೂರು ಬಾರಿ ಶಂಖ ಊದುತ್ತಾರೆ. ಮೂರನೆಯದು ಮುಗಿಯುವುದರೊಳಗೆ ಊರಿನ ಯಾರಾದರೊಬ್ಬರು ಆ ಕೈಯನ್ನು ಹಿಡಿದರೆ ಅವರು ಆ ಮನೆಯವರಾಗುತ್ತಾರೆ. ಹಿಡಿಯದಿದ್ದರೆ ದೋಣಿ ಹತ್ತಬೇಕು. ಊರಿನವರು ಮೊದಲು ಕೈ ನೀಡತಕ್ಕದ್ದಲ್ಲ. 'ಉಳಿಯಿರಿ' ಎಂದು ಬಾಯಿಬಿಟ್ಟು ಹೇಳತಕ್ಕದ್ದೂ ಅಲ್ಲ. ಹಾಗೆ ಮಾಡಿದ ಮನೆಯವರನ್ನೆಲ್ಲ, ಹಸುಗೂಸಿನ ಸಹಿತ, ಅದೇ ದೋಣಿಗೆ ಹತ್ತಿಸಿ ಕಳುಹಿಸುತ್ತಾರೆ. ಏಳು ದಕ್ಕೆಗಳಲ್ಲಿಯೂ ನೆಲ ಸಿಗದವರಿಗೆ ಉಳ್ಳಾಲದ ಆಚೆ ಕಟ್ಟುಹಡಗುಗಳಿವೆ. ಅಲ್ಲಿ ಊಟಕ್ಕೆ ಕೊರತೆಯಿಲ್ಲ, ಬೈಯುವವರಿಲ್ಲ. ಹಡಗುಗಳು ಮಾತ್ರ ಎಲ್ಲಿಗೂ ಹೋಗುವುದಿಲ್ಲ, ಅವುಗಳಿಂದ ಯಾರೂ ಇಳಿಯುವುದಿಲ್ಲ.

ನಮ್ಮ ದೋಣಿ ದೊಡ್ಡ ಮಂಜಿ. ಅದಕ್ಕೆ ಬಿಸಿಲುಹಾಯಿ ಕಟ್ಟಿದೆ. ಬಿಸಿಲನ್ನು ಕುಡಿದು ಯಂತ್ರಕ್ಕೆ ಉಣಿಸುವ ಬಟ್ಟೆಗೆ ನಾವು ಹಾಗೆನ್ನುತ್ತೇವೆ. ಮೋಡ ಕವಿದರೆ ದೋಣಿ ನಿಂತಲ್ಲೇ ನಿಲ್ಲುತ್ತದೆ. ಪಯಣಿಗರಿಗೆ ಒಂದೊಂದು ಗೂಡು. ನನ್ನ ಗೂಡು ನನ್ನ ಉದ್ದಕ್ಕಿಂತ ಒಂದು ಗೇಣು ಹೆಚ್ಚು. ಮಲಗಿದರೆ ಮೂಗಿಗೂ ಮೇಲಿನ ಹಲಗೆಗೂ ಎರಡು ಗೇಣು. ಕುಳಿತು ಬರೆಯಲಾಗದು, ಮಗ್ಗುಲಾಗಿ ಮಲಗಿ ಬರೆಯುತ್ತಿದ್ದೇನೆ. ಬೆಳಿಗ್ಗೆ ಗಂಜಿ, ಸಂಜೆ ಗಂಜಿ, ನಡುವೆ ಒಂದು ಚೆಂಬು ಸಿಹಿನೀರು. ಕಾರವಾರದಿಂದ ಹೊರಟಾಗ ಒಂಬತ್ತು ಜನ ಪಯಣಿಗರಿದ್ದೆವು. ಈಗ ಅವರಲ್ಲಿ ಉಳಿದಿರುವುದು ನಾನೊಬ್ಬಳೇ, ಜೊತೆಗೆ ದೋಣಿಯ ತಾಂಡೇಲ ಕುಷ್ಟ. ತಾಂಡೇಲನೆಂದರೆ ದೋಣಿಯ ಯಜಮಾನ; ಅವನಿಗೆ ದೋಣಿಯೇ ಮನೆ. ಕೂಗಿ ಮಾತಾಡುವುದು ಅವನ ಅಭ್ಯಾಸ. ಎಂಟು ಗೂಡುಗಳ ಪರದೆಗಳು ಖಾಲಿಯಾಗಿ ಅಲ್ಲಾಡುತ್ತಿರುವಾಗ ಆ ಕೂಗೂ ಬೇಕೆನಿಸುತ್ತದೆ.

ಮೊದಲ ದಕ್ಕೆಗಳಲ್ಲಿ ನಾನು ನಡೆದುಕೊಂಡ ರೀತಿಯನ್ನು ಮುಚ್ಚಿಡುವುದಿಲ್ಲ. ಊರೂರಿಗೂ ಅಂಕ ಹಾಕಿದೆ. ಮೇಲಂಕೋಲೆಯಲ್ಲಿ ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ಮನೆ ಕಟ್ಟಿದ್ದಾರೆ. ಈಶಾಡು ಮಾವಿನ ಗಿಡಗಳನ್ನು ಆಳೆತ್ತರದ ಮಣ್ಣಿನ ಬಾನಿಗಳಲ್ಲಿ ಬೆಳೆಸಿ, ಗಾಳಿಮಳೆ ಎದ್ದಾಗ ಬಾನಿಗಳನ್ನು ಹಸುಗಳಂತೆ ಒಳಗೆ ಎಳೆದು ಕಟ್ಟುತ್ತಾರೆ. ಹಣ್ಣನ್ನು ಹೋಳು ಲೆಕ್ಕದಲ್ಲಿ ಕೊಡುತ್ತಾರೆ. ಬಾಯಲ್ಲಿಟ್ಟಾಗ ನನ್ನ ಕಣ್ಣಲ್ಲಿ ನೀರು ಬಂದಿತು. ಆದರೂ ಮೆಟ್ಟಿಲುಗಳ ಎತ್ತರ ಒಂದರಂತೆ ಒಂದಿಲ್ಲವೆಂದು ಐವತ್ತೆಂಟು ಅಂಕ ಕೊಟ್ಟೆ. ಕುಮಟೆಯಲ್ಲಿ ಚಾವಣಿಗಳ ಮೇಲೆಯೇ ಉಪ್ಪಿನ ಮಡಿಗಳು. ಊರೆಲ್ಲ ಬೆಳ್ಳಗೆ, ಕಾಲಿಟ್ಟಲ್ಲಿ ಗರಗರ ಸದ್ದು. ಜನ ಎಲ್ಲರೂ ಒಟ್ಟಿಗೆ ಮಾತನಾಡುತ್ತಾರೆ, ಅರವತ್ತೊಂದು. ಹೊನ್ನಾವರದಲ್ಲಿ ಒಂದು ವಾಚನಾಲಯ ಸಿಕ್ಕಿತು. ಹನ್ನೊಂದು ಪುಸ್ತಕಗಳು, ಎಲ್ಲದರಲ್ಲೂ ಮೊದಲ ಪುಟಗಳು ಇಲ್ಲ. ಇಳಿತದ ಹೊತ್ತು ಪೂರ್ತಿ ಅಲ್ಲಿಯೇ ಕುಳಿತೆ. ಅಲ್ಲಿ ಉಳಿಯಬಹುದಿತ್ತೋ ಏನೋ. ಎಪ್ಪತ್ತು ಅಂಕ ಕೊಟ್ಟು ದೋಣಿ ಹತ್ತಿದೆ.

ನನ್ನ ಮುಂದಿನ ಗೂಡಿನಲ್ಲಿ ಬುಡನ್ ಸಾಹೇಬರೆಂಬ ಬಡಗಿಗಳಿದ್ದರು. ಎಂಬತ್ತರ ಸಮೀಪ, ಶಾಲೆಯ ಹಡಗಿನ ಬಾಗಿಲು, ಬೆಂಚು, ನನ್ನ ಕರಿಹಲಗೆ ಎಲ್ಲ ಅವರ ಕೈಯದೇ. ನಾನು ಅಂಕ ಬರೆದುಕೊಳ್ಳುವುದನ್ನು ಕಂಡು ನಕ್ಕರು.

"ಅಕ್ಕೋರೆ, ಪರೀಕ್ಷೆಗೆ ಕೂತದ್ದು ಊರಲ್ಲ, ನಾವ್ರಾ!"

ಭಟ್ಕಳದ ಮೆಟ್ಟಿಲಿನಲ್ಲಿ ಅವರು, ಮಳೆ ಬರುತ್ತಿದೆಯೇ ಎಂದು ನೋಡುವವರಂತೆ, ಸಲೀಸಾಗಿ ಕೈ ಚಾಚಿದರು. ಮೊದಲ ಶಂಖ ಮುಗಿಯುವ ಮುನ್ನವೇ ಬುಟ್ಟಿ ಹೊತ್ತ ಹೆಂಗಸೊಬ್ಬಳು ಹತ್ತಿರ ಬಂದಳು. ಅವರನ್ನು ಅವಳು ಹಿಂದೆ ಎಂದೂ ಕಂಡವಳಲ್ಲ.

"ಅಜ್ಜ, ಬಾಗ್ಲ ರಿಪೇರಿ ಮಾಡೂಕೆ ಬತ್ತದ್ಯಾ?"

ಅವರಿಗೆ ಬಾಯಿಬಿಟ್ಟು ಉಳಿಯುವ ಮಾತು ಆಡುವಂತಿರಲಿಲ್ಲ; ಬಾಗಿಲಿನ ಮಾತಾಡಲು ಅಡ್ಡಿಯಿರಲಿಲ್ಲ. "ಮುರೂಕೂ ಬತ್ತದೆ ತಂಗಿ," ಎಂದರು. ಅವಳು ಬುಟ್ಟಿಯನ್ನು ಸೊಂಟಕ್ಕೆ ಇಳಿಸಿಕೊಂಡು, ನಗುತ್ತಲೇ ಅವರ ಕೈ ಹಿಡಿದಳು. ದೋಣಿ ಹೊರಟಾಗ ಸಾಹೇಬರು ದಕ್ಕೆಯ ಮೇಲಿನಿಂದ ಕೂಗಿದರು: "ಅಕ್ಕೋರೆ, ಕೈ ಚಾಚಿದ್ರೆ ಬೆರಳೇನ್ ಉದ್ರಿ ಬೀಳೂದಿಲ್ಲ! ಕಂಡ್ರಲ್ಲ!"

ನಾನು ತಲೆಯಾಡಿಸಿದೆ. ಮನಸ್ಸಿನಲ್ಲಿ ಮಾತ್ರ, ನನ್ನ ಸಂಗತಿ ಬೇರೆ ಎಂದುಕೊಂಡೆ. ಏಕೆಂದರೆ ಮುಂದಿನ ದಕ್ಕೆ ಗಂಗೊಳ್ಳಿ. ಅಲ್ಲಿ ಲಚ್ಚು ಇದ್ದಳು.

ಲಚ್ಚು ನನ್ನ ಶಿಷ್ಯೆ. ಈಗ ಗಂಗೊಳ್ಳಿಯ ದಕ್ಕೆಯ ಮೇಲ್ವಿಚಾರಕಿ. ಮೂರು ಮಕ್ಕಳ ತಾಯಿ. ಶಾಲೆ ಬಿಟ್ಟು ಹೋದ ಇಪ್ಪತ್ತನಾಲ್ಕು ವರ್ಷಗಳಲ್ಲಿ ಒಂದು ವರ್ಷವೂ ತಪ್ಪದೆ ಹೊಸಮಾಸಕ್ಕೆ ಒಣಸೀಗಡಿಯ ಕಟ್ಟೊಂದನ್ನು ನನಗೆ ಕಳುಹಿಸಿದವಳು. ದಕ್ಕೆಯಲ್ಲಿ ನನ್ನನ್ನು ಕಂಡ ಕೂಡಲೇ ಓಡಿ ಬಂದು ಕಾಲಿಗೆರಗಿದಳು. ಆ ಇಳಿತದ ಹೊತ್ತನ್ನೆಲ್ಲ ಅವಳು ನನಗೆ ಮೀಸಲಿಟ್ಟಳು. ಐದು ಹೊಳೆಗಳ ನೀರು ಬಂದು ಸೇರುವ ಊರು ಅದು. ಓಣಿಗಳ ಬದಲು ಸಂಕಗಳೆಂಬ ಮರದ ಕಾಲುಸೇತುವೆಗಳು, ಸಂಕಗಳ ಮೇಲೆ ಅಂಗಡಿಗಳು. ಕಾಲಡಿಯ ಸಂದಿನಿಂದ ನೀರು ಹೊಳೆಯುತ್ತಿರುತ್ತದೆ. ಹೆಂಚಿನ ಒಂದು ಗೂಡಂಗಡಿಯಲ್ಲಿ ನೀರುದೋಸೆ ತಿಂದೆವು. ಹಾದಿಯಲ್ಲಿ ಸಿಕ್ಕವರಿಗೆಲ್ಲ ಅವಳು, "ನಮ್ ಅಕ್ಕೋರು, ಕಾಣಿ. ಗ್ರಹಣದ ಲೆಕ್ಕ ಕಲ್ಸಿದ್ ಇವ್ರೇ," ಎಂದು ತೋರಿಸಿದಳು. ಬಳಿಕ ಮನೆಗೆ ಕರೆದೊಯ್ದು ಉಪ್ಪರಿಗೆಯ ಕೋಣೆಯ ಬಾಗಿಲು ತೆರೆದಳು.

"ಇದ್ ಖಾಲಿಯೇ ಇತ್ತ್ ಅಕ್ಕೋರೆ. ಗಾಳಿ ಚಂದ ಬತ್ತ್."

ಮಂಚಕ್ಕೆ ಹೊಸ ಹಗ್ಗ ಬಿಗಿದಿತ್ತು. ಗೋಡೆಗೆ ಆಗಷ್ಟೇ ಸುಣ್ಣ ಬಳಿದಿತ್ತು. ನನ್ನ ಬಾಯಿಂದ ಬಂದ ಮಾತನ್ನು ಬರೆಯಲು ನಾಚಿಕೆಯಾಗುತ್ತದೆ. "ಕಿಟಕಿ ಚಿಕ್ಕದಾಯಿತು," ಎಂದೆ.

"ದೊಡ್ಡದ್ ಮಾಡ್ಲಕ್ಕ್," ಎಂದಳು ಅವಳು. ತಡೆದು, "ನಾಳೆಯೇ ಮಾಡ್ಲಕ್ಕ್," ಎಂದಳು.

ದಕ್ಕೆಗೆ ಮರಳಿದೆವು. ಕೊನೆಯ ಮೆಟ್ಟಿಲಿನಲ್ಲಿ ಊರಿಗೆ ಮುಖಮಾಡಿ ನಿಂತೆ. ನಿಯಮ ನನಗೆ ತಿಳಿಯದೆ ಇರಲಿಲ್ಲ. ಸಾವಿರಾರು ಮಕ್ಕಳಿಗೆ ಅದನ್ನು ಬಾಯಿಪಾಠ ಮಾಡಿಸಿದವಳು ನಾನೇ. ಆದರೆ ನನ್ನ ವಿಷಯದಲ್ಲಿ ಅದು ಒಂದಿಷ್ಟು ಸಡಿಲವಾದೀತೆಂದು ಎಣಿಸಿದ್ದೆ. ಶಿಷ್ಯೆಯಾದವಳು ತನ್ನ ಗುರು ಅಂಗೈ ಒಡ್ಡಿ ನಿಲ್ಲುವುದನ್ನು ಕಾದು ನೋಡುವಳೇ? ಅವಳೇ ಒಂದು ಹೆಜ್ಜೆ ಮುಂದೆ ಬರುತ್ತಾಳೆ, ಬರಬೇಕು ಎಂದುಕೊಂಡೆ. ಕೈಯನ್ನು ಸೀರೆಯ ನಿರಿಗೆಯ ಮೇಲೆ ಇಟ್ಟುಕೊಂಡೇ ನಿಂತೆ. ಮೊದಲ ಶಂಖವಾಯಿತು. ಲಚ್ಚು ಅಲ್ಲಾಡಲಿಲ್ಲ. ಅವಳು ಬಲಗೈಯನ್ನು ಸೆರಗಿನಲ್ಲಿ ಸುತ್ತಿ, ಎಡಗೈಯಿಂದ ಅದರ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿದ್ದಳು. ಎರಡನೆಯ ಶಂಖವಾಯಿತು. ಅವಳು ನನ್ನ ಮುಖವನ್ನು ನೋಡುತ್ತಿರಲಿಲ್ಲ, ನನ್ನ ಕೈಯನ್ನೇ ನೋಡುತ್ತಿದ್ದಳು. ಬಚ್ಚಿಟ್ಟ ಆ ಕೈ ನನಗೆ ಕೊಟ್ಟ ಉತ್ತರವೆಂದು ತಿಳಿದೆ. ಕೋಣೆ ತೋರಿಸಿದ್ದು ಬರಿಯ ಉಪಚಾರ, ದೋಸೆ ತಿನ್ನಿಸಿದ್ದು ಬರಿಯ ಮರ್ಯಾದೆ ಎಂದು ತಿಳಿದೆ. ಮೂರನೆಯ ಶಂಖ ಮುಗಿಯುವ ಮೊದಲೇ ಬೆನ್ನು ತಿರುಗಿಸಿ ದೋಣಿ ಹತ್ತಿದೆ. ನನ್ನ ನಡಿಗೆ ನೆಟ್ಟಗಿತ್ತು. ಅದನ್ನು ಚೆನ್ನಾಗಿ ನೋಡಿಕೊಂಡಿದ್ದೆ.

ಗಂಗೊಳ್ಳಿಯ ನೀರ್ಗದ ನಮ್ಮ ಹಿಂದೆ ಮುಚ್ಚಿಕೊಂಡ ಮೇಲೆ ಕುಷ್ಟ ಚುಕ್ಕಾಣಿಯ ಬಳಿಯಿಂದ ಕೂಗಿದ.

"ಹ್ವಾಯ್ ಅಕ್ಕೋರೆ, ನೀವ್ ಕೈ ಎಂತಕ್ಕೆ ಚಾಚಲಿಲ್ಲೆ? ಆ ಹೆಣ್ಣ್ ಅಲ್ಲಿ ಕಣ್ಣೀರ್ ಹಾಯ್ಕಂಡ್ ಮರ್ಕ್ತಾ ನಿಂತಿತ್ತ್ ಮಾರಾಯ್ರೆ!"

"ಅವಳು ಕೈಯನ್ನು ಸೆರಗಿನಲ್ಲಿ ಸುತ್ತಿಟ್ಟಿದ್ದಳಲ್ಲ," ಎಂದೆ.

"ಸುತ್ತದೆ ಎಂತ ಮಾಡೂದ್? ಕೈ ಅದ್ರಷ್ಟಕ್ಕೇ ಮುಂದ್ ಬಪ್ಪುಕ್ ಆಗ ಅಂದೇಳಿ ಕಟ್ಟಿ ಹಿಡ್ಕಂಡದ್ದ್. ಮುಂದ್ ಬಂದ್ರೆ ಮೂರ್ ಮಕ್ಕಳನ್ನೂ ಕಟ್ಕಂಡ್ ಈ ದೋಣಿ ಹತ್ಕಿತ್ತಲ್ದಾ? ಆ ಹೆಣ್ಣಿಗೆ ಈ ಪಾಠ ಕಲ್ಸಿದ್ದ್ ಯಾರ್? ನೀವೇ ಅಲ್ದಾ?"

ಹೌದು, ನಾನೇ. ಲಚ್ಚು ಒಂಬತ್ತು ವರ್ಷದವಳಿದ್ದಾಗ ಶಾಲೆಯ ಹಡಗಿನ ಅಂಚಿನಲ್ಲಿ ದಕ್ಕೆಯಾಟ ಆಡುತ್ತಿದ್ದಳು. ಅವಳು ಊರಿನವಳು, ಎದುರಿನವಳು ದೋಣಿಯವಳು. ಎದುರಿನವಳು ಕೈ ಚಾಚಲು ಸಂಕೋಚಪಡುತ್ತಿದ್ದುದನ್ನು ಕಂಡು ಇವಳು ತಾನೇ ಮೊದಲು ಕೈ ನೀಡಿ ಅವಳನ್ನು ಎಳೆದುಕೊಂಡು ನಕ್ಕಳು. ಆಟದಲ್ಲಿಯಾದರೂ ನಿಯಮ ನಿಯಮವೇ ಎಂದು ನಾನು ಇಡೀ ತರಗತಿಯ ಎದುರು ಅವಳನ್ನು ನಿಲ್ಲಿಸಿ, 'ನೆಲದವನು ಮೊದಲು ಕೈ ನೀಡತಕ್ಕದ್ದಲ್ಲ' ಎಂಬ ವಾಕ್ಯವನ್ನು ನಲವತ್ತು ಬಾರಿ ಬರೆಸಿದ್ದೆ. ಅವಳು ಒಂದಕ್ಷರವೂ ವಾರೆಯಾಗದಂತೆ ಬರೆದು ತಂದಿದ್ದಳು. ಅವಳನ್ನು ಮೆಚ್ಚಿ ಬೆನ್ನು ತಟ್ಟಿದ್ದೆ. ಗಂಗೊಳ್ಳಿಯ ದಕ್ಕೆಯಲ್ಲಿ ಅವಳು ಆ ಪಾಠವನ್ನು ನನಗೇ ಒಪ್ಪಿಸಿದಳು. ಒಂದು ತಪ್ಪೂ ಇರಲಿಲ್ಲ.

ದೋಣಿ ತಿರುಗಿಸಲು ಸಾಧ್ಯವೇ ಎಂದು ಕುಷ್ಟನನ್ನು ಕೇಳಿದೆ. ಉತ್ತರ ತಿಳಿದೂ, ಬೇರೆ ಉತ್ತರ ಬರಲೆಂದು ಬಯಸಿ, ನನ್ನ ಆಯುಷ್ಯದಲ್ಲಿ ಕೇಳಿದ ಮೊದಲ ಪ್ರಶ್ನೆ ಅದು. ಅವನು ಕೂಗಲಿಲ್ಲ. "ಕದ ಹಿಂದಕ್ಕ್ ತೆರೂದಿಲ್ಲೆ ಅಕ್ಕೋರೆ," ಎಂದು ಮೆಲ್ಲಗೆ ಹೇಳಿ, ನನ್ನ ಪಾಲಿನ ಚೆಂಬಿನ ಜೊತೆಗೆ ತನ್ನ ಪಾಲಿನ ಚೆಂಬನ್ನೂ ಗೂಡಿನ ಬಾಯಿಯಲ್ಲಿ ಇಟ್ಟು ಹೋದ. ಆ ಗೂಡಿನಲ್ಲಿ ಮೂರು ಹಗಲು ಮಲಗಿದ್ದೆ. ಮೇಲೆ ಹಲಗೆ, ಪಕ್ಕದಲ್ಲಿ ಹಲಗೆ, ಅದರಾಚೆ ನೀರು, ನೀರಿನಾಚೆ ಗೋಡೆ, ಗೋಡೆಯಾಚೆ ಕಾಣದ ಕಡಲು. ಕೈಕಾಲು ಆಡಿಸಿದಲ್ಲೆಲ್ಲ ಏನಾದರೊಂದು ತಾಗುತ್ತಿತ್ತು. ಮೋಡ ಕವಿದು ದೋಣಿ ನಿಂತಿತ್ತು. ನಿಮ್ಮ ಯಾವುದೋ ಊರಿನ ಮೇಲೆ ನಿಂತಿದ್ದಿರಬೇಕು. ತಳದಲ್ಲಿ ಒಂದು ಕಂಬ ದೋಣಿಯ ಹೊಟ್ಟೆಯನ್ನು ಆಗಾಗ ಉಜ್ಜುತ್ತಿತ್ತು.

ಮಲ್ಪೆಯಲ್ಲಿ ನಾನು ಕೈ ಚಾಚಿದೆ. ಆ ಊರಿನ ಬೀದಿಗಳ ಮೇಲೆಲ್ಲ ಬಲೆಗಳನ್ನು ಚಪ್ಪರದಂತೆ ಒಣಹಾಕಿರುತ್ತಾರೆ. ಬಿಸಿಲು ಕಣ್ಣುಕಣ್ಣಾಗಿ ಮೈಮೇಲೆ ಬೀಳುತ್ತದೆ. ತಲೆಯೆತ್ತಿದರೆ ಮೀನಿಗೆ ಆಕಾಶ ಹೇಗೆ ಕಾಣುತ್ತದೆಂದು ತಿಳಿಯುತ್ತದೆ. ಬೂತಾಯಿ ಮೀನು ಮಾರುವ ಸಾಲು, ಹಗ್ಗ ಹೊಸೆಯುವ ಸಾಲು, ಎಲ್ಲವನ್ನೂ ನೋಡಿದೆ. ಅಂಕ ಹಾಕಲಿಲ್ಲ. ಕೊನೆಯ ಮೆಟ್ಟಿಲಿಗೆ ಬಂದು ಬಲಗೈಯನ್ನು ಎತ್ತಿದೆ. ಅಂಗೈ ಇಷ್ಟು ಭಾರವಿರುತ್ತದೆಂಬುದು ಅರವತ್ತೆರಡನೆಯ ವಯಸ್ಸಿನಲ್ಲಿ ತಿಳಿಯಿತು. ಸೀಮೆಸುಣ್ಣ ಹಿಡಿದು ಹಿಡಿದು ಹೆಬ್ಬೆರಳ ಪಕ್ಕದಲ್ಲಿ ಗಟ್ಟಿಯಾದ ಚರ್ಮ ಬಿಟ್ಟರೆ ಆ ಕೈಯಲ್ಲಿ ಬೇರೆ ಗುರುತಿಲ್ಲ. ಮೆಟ್ಟಿಲುಗಳ ಮೇಲೆ ಹತ್ತಾರು ಜನರಿದ್ದರು. ಅವರು ಆಡಿಕೊಂಡದ್ದೆಲ್ಲ ನನಗೆ ಕೇಳಿಸಿತು.

"ಯಾರಂತೆ ಇವರು?"

"ಟೀಚರಂತೆ. ಕಾರವಾರದ ಹಡಗುಶಾಲೆಯವರು."

"ಟೀಚರಾ? ನಮಗೆ ಬಲೆ ಎಳೀಲಿಕ್ಕೆ ಜನ ಬೇಕು ಮಾರಾಯ್ತಿ. ಪಾಠ ತಿಂದುಕೊಂಡು ಇರ್ಲಿಕ್ಕೆ ಆಗ್ತದಾ?"

"ಪಾಪ, ಒಳ್ಳೆಯವರ ಹಾಗೆ ಕಾಣ್ತಾರೆ."

"ಹಾಗಾದ್ರೆ ನೀನೇ ಹಿಡಿ, ಹೋಗು."

"ನಮ್ಮಲ್ಲಿ ಜಾಗ ಎಲ್ಲುಂಟು? ಅತ್ತೆಯೇ ಅಡುಗೆಕೋಣೆಯಲ್ಲ್ ಮಲಗುದು."

ಯಾರೂ ಕೆಟ್ಟವರಾಗಿರಲಿಲ್ಲ. ಒಬ್ಬ ಹೆಂಗಸು ಎರಡು ಮೆಟ್ಟಿಲು ಇಳಿದಳು; ಅವಳ ಗಂಡ ಕೆಮ್ಮಿದ; ನಿಂತಳು. ಮೂರನೆಯ ಶಂಖ ಮುಗಿಯಿತು. ಕುಷ್ಟ ಬಂದು, ಚಾಚಿದಂತೆಯೇ ನಿಂತಿದ್ದ ನನ್ನ ಕೈಯನ್ನು ಮೊಣಕೈಯ ಬಳಿ ಮೆಲ್ಲಗೆ ಒತ್ತಿ ಕೆಳಗಿಳಿಸಿದ.

ಇದು ನಡೆದದ್ದು ಮೊನ್ನೆ. ಈಗ ನನ್ನ ಬಿನ್ನಹಕ್ಕೆ ಬರುತ್ತೇನೆ. ಕೈನೀಟಿನ ನಿಯಮ ಮೂಢರು ಮಾಡಿದ್ದಲ್ಲ. ಕಡಲೇರಿಕೆಯ ಮೊದಲ ವರ್ಷಗಳಲ್ಲಿ ಗುಡ್ಡದವರು ದೋಣಿಗಳತ್ತ ಕೈ ನೀಡಿ, ಕಟ್ಟುಮಸ್ತಾದವರನ್ನು ಮಾತ್ರ ಎಳೆದುಕೊಂಡು, ಮುದುಕರನ್ನೂ ಕೂಸುಗಳನ್ನೂ ನೀರಿನಲ್ಲಿಯೇ ಬಿಟ್ಟರು. ಎಳೆದುಕೊಂಡವರನ್ನು ಜೀತಕ್ಕೆ ಇಟ್ಟುಕೊಂಡರು. ಅದನ್ನು ತಡೆಯಲೆಂದೇ ಹಿರಿಯರು ಸಭೆ ಸೇರಿ, ಮೊದಲು ಕೈ ನೀಡುವ ಹಕ್ಕನ್ನು ದೋಣಿಯವರಿಗೆ ಮಾತ್ರ ಕೊಟ್ಟರು. ಕಾರಣ ನ್ಯಾಯವಾದದ್ದು. ನಾನು ಆ ಕಾರಣವನ್ನು ಮಕ್ಕಳಿಗೆ ಮೂವತ್ತೆಂಟು ವರ್ಷ ವಿವರಿಸಿದೆ, ಆಚೆಗೆ ಯೋಚಿಸಲಿಲ್ಲ. ಕೇಳುವ ಹಕ್ಕು ಕೇಳಲಾರದವರಿಗೆ ಬೇಲಿಯಾಗುತ್ತದೆಂದು ಆ ಸಭೆಯಲ್ಲಿ ಯಾರಿಗೂ ಹೊಳೆದಂತಿಲ್ಲ. ನನಗೂ ಗಂಗೊಳ್ಳಿಯವರೆಗೆ ಹೊಳೆಯಲಿಲ್ಲ.

ಆ ಸಭೆ ನಮಗೆ ಕಳೆದುಹೋದದ್ದು. ನಿಮಗೆ ಇನ್ನೂ ಬರಬೇಕಾದದ್ದು. ನೀವಲ್ಲದಿದ್ದರೆ ನಿಮ್ಮ ಮಕ್ಕಳೋ ಮೊಮ್ಮಕ್ಕಳೋ ಅಲ್ಲಿ ಕುಳಿತಿರುತ್ತಾರೆ. ಯಾವುದೋ ಗುಡ್ಡದ ಮೇಲಿನ ಬಯಲಿನಲ್ಲಿ, ಎಲ್ಲರೂ ಒದ್ದೆ ಬಟ್ಟೆಯಲ್ಲಿ, ಎಲ್ಲರೂ ಹೆದರಿಕೊಂಡು. ಮೊದಲು ಕೈ ನೀಡಬೇಕಾದವರು ಯಾರು ಎಂಬ ಪ್ರಶ್ನೆ ಬಂದಾಗ ನಿಮ್ಮವರು ಎದ್ದು ನಿಂತು ಹೀಗೆ ಹೇಳಲೆಂದು ಈಗಿನಿಂದಲೇ ಅವರಿಗೆ ಕಲಿಸಿರಿ: 'ನೆಲದ ಮೇಲಿರುವವನೇ ಮೊದಲು ಕೈ ನೀಡಲಿ. ಒಬ್ಬರಿಗೆ ನೀಡಿದರೆ ಅವರ ಜೊತೆಗಿರುವ ಮುದುಕರಿಗೂ ಕೂಸಿಗೂ ನೀಡಿದಂತೆಯೇ ಆಗಲಿ. ಬೇಡವೆನ್ನುವ ಹಕ್ಕು ದೋಣಿಯವರಿಗಿರಲಿ.' ಇಷ್ಟೇ ಮೂರು ವಾಕ್ಯಗಳು. ಹಳೆಯ ಅನ್ಯಾಯವನ್ನೂ ಇವು ತಡೆಯುತ್ತವೆ. ಪದ ಪದವನ್ನೂ ತೂಗಿ ನೋಡಿದ್ದೇನೆ. ನಿಮ್ಮವರು ಇದನ್ನು ಗೆದ್ದರೆ ಲಚ್ಚುವಿನ ಕೈಗೆ ಸೆರಗು ಸುತ್ತಿರುವುದಿಲ್ಲ. ಆಗ ಈ ಕಾಗದವೂ ಇರುವುದಿಲ್ಲ, ಬರೆಯುವ ಅಗತ್ಯವೇ ನನಗೆ ಬಂದಿರುವುದಿಲ್ಲ. ಈ ಹಾಳೆ ಇನ್ನೂ ನನ್ನ ಕೈಯಲ್ಲಿದೆ. ಆದುದರಿಂದ ನೀವು ಇನ್ನೂ ಓದಿಲ್ಲವೆಂದು ತಿಳಿಯುತ್ತೇನೆ. ಓದಿಯೂ ಸುಮ್ಮನಿದ್ದಿರೆಂದು ತಿಳಿಯಲು ಮನಸ್ಸು ಒಪ್ಪುವುದಿಲ್ಲ.

ಕುಷ್ಟ ಹಾಯಿ ಇಳಿಸುತ್ತಿದ್ದಾನೆ. ಗೂಡಿನ ಕಿಂಡಿಯಿಂದ ಉಳ್ಳಾಲದ ದಕ್ಕೆ ಕಾಣುತ್ತಿದೆ. ಕೆಂಪು ಮೆಟ್ಟಿಲುಗಳು, ಮೇಲೆ ಒಂದು ಮರ, ಮರದ ನೆರಳಿನಲ್ಲಿ ಜನ. ಅವರಲ್ಲಿ ನನ್ನ ಗುರುತಿನವರು ಒಬ್ಬರೂ ಇಲ್ಲ. ಅವರಿಗೂ ಬಲೆ ಎಳೆಯುವವರು ಬೇಕಾಗಿರಬಹುದು. ಅವರ ಅತ್ತೆಯಂದಿರೂ ಅಡುಗೆಕೋಣೆಯಲ್ಲಿ ಮಲಗುತ್ತಿರಬಹುದು. ಅವರ ಹಿಂದೆ, ಗೋಡೆ ಕೊನೆಗೊಳ್ಳುವಲ್ಲಿ, ಕಟ್ಟುಹಡಗುಗಳ ಕಂಬಗಳು ಎಲೆಯಿಲ್ಲದ ತೋಪಿನಂತೆ ನಿಂತಿವೆ. ಒಂದು ಹಡಗಿನ ಮೇಲೆ ಯಾರೋ ಬಟ್ಟೆ ಒಣಹಾಕಿದ್ದಾರೆ.

ಈ ಬಾರಿ ನಾನು ಊರು ನೋಡಲು ಹೋಗುವುದಿಲ್ಲ. ನಿಯಮದ ಎಲ್ಲ ಕಲಮುಗಳನ್ನೂ ಮನಸ್ಸಿನಲ್ಲಿಯೇ ಮತ್ತೊಮ್ಮೆ ಓದಿದೆ. ಶಂಖದ ಹೊತ್ತಿಗೇ ಕೈ ಚಾಚಬೇಕೆಂದು ಅದರಲ್ಲಿ ಎಲ್ಲಿಯೂ ಬರೆದಿಲ್ಲ. ಇಳಿದ ಕೂಡಲೇ ಚಾಚಬಾರದೆಂದೂ ಬರೆದಿಲ್ಲ. ಆದುದರಿಂದ ದೋಣಿ ತಾಗಿದ ಕ್ಷಣದಿಂದ ಇಳಿತ ಮುಗಿಯುವವರೆಗೆ, ಆರು ಗಂಟೆಗಳ ಕಾಲ, ಕೊನೆಯ ಮೆಟ್ಟಿಲಿನಲ್ಲಿ ಕೈ ಚಾಚಿಯೇ ನಿಂತಿರುತ್ತೇನೆ. ಸೋತರೆ ಎಡಗೈಯಿಂದ ಬಲಗೈಗೆ ಆಸರೆ ಕೊಡುತ್ತೇನೆ. ಅದಕ್ಕೂ ಅಡ್ಡಿಯಿಲ್ಲ. ಕಾಗದವನ್ನು ಕಲ್ಲಿಗೆ ಕಟ್ಟಿ ನೀರಿಗಿಳಿಸುವ ಕೆಲಸ ಕುಷ್ಟನದು. ಅವನು ಮಾತು ಕೊಟ್ಟಿದ್ದಾನೆ.

ಇಲ್ಲಿಗೆ ಲೇಖನಿಯನ್ನು ಕೆಳಗಿಡುತ್ತೇನೆ. ಕೈ ಖಾಲಿಯಿರಬೇಕು.

ರುಕ್ಮಾವತಿ